ಇಬ್ಬರ ಹಾಯಿದೋಣಿ: ಗಾಳಿಗೆದುರಾಗಿ ಸಾಗುವ ಪಾಠ

ಆಷಾಢದ ಗಾಳಿ ಬೀಸುವ ದಿನಗಳಲ್ಲಿ ದಾವಣಗೆರೆಯಿಂದ ಸೂಳೆಕೆರೆಗೆ ಹೋದವರು, ಅಲ್ಲಿಯ ನೀರಿನ ಮೇಲೆ ತೆರೆಗಳು ಸಾಲುಸಾಲಾಗಿ ಏಳುವುದನ್ನು ಕಂಡಿರಬಹುದು. ಆ ಕೆರೆಯಿಂದ ಹೊರಟ ಹರಿದ್ರಾ ಹೊಳೆಯೇ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆಯ ದಡದವರಿಗೆ ಹರಿಗೋಲು ಹೊಸದಲ್ಲ. ಬಿದಿರಿನ ಬುಟ್ಟಿಗೆ ಹೊದಿಕೆ ಹಾಕಿದ ಈ ದುಂಡನೆಯ ವಾಹನಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ; ಹುಟ್ಟು ಹಾಕುವವನು ಎಚ್ಚರ ತಪ್ಪಿದರೆ ಅದು ಗಿರ್ರನೆ ಸುತ್ತುತ್ತದೆ. ಅದಕ್ಕೊಂದು ಹಾಯಿಯನ್ನು ಕಟ್ಟಿದರೆ ಏನಾದೀತು? ಗಾಳಿ ನೂಕಿದ ಕಡೆಗೆ ತೇಲಿ ಹೋದೀತೇ ಹೊರತು, ಗಾಳಿಗೆದುರಾಗಿ ಒಂದು ಮಾರೂ ಸಾಗದು. ಆದರೆ ಇಬ್ಬರು ಎಳೆಯರು ನಡೆಸುವ ಸ್ಪರ್ಧೆಯ ಹಾಯಿದೋಣಿಯು ಗಾಳಿ ಬರುವ ದಿಕ್ಕಿಗೇ ಮುನ್ನಡೆಯಬಲ್ಲುದು. ಇದು ಹೇಗೆ ಸಾಧ್ಯ? ಆ ಎಳೆಯರಿಗೆ ಶಿಕ್ಷಕನು ಕಲಿಸತಕ್ಕದ್ದು ಏನು?

ಈ ಕ್ರೀಡೆ ನಮ್ಮ ದೇಶಕ್ಕೆ ಅಪರಿಚಿತವಲ್ಲ. 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಫಾರೂಕ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಅವರು ‘ಫೈರ್‌ಬಾಲ್’ ಎಂಬ ಇಬ್ಬರ ದೋಣಿಯಲ್ಲಿ ಚಿನ್ನದ ಪದಕವನ್ನು ಪಡೆದರು. 2018ರ ಕೂಟದಲ್ಲಿ ವರುಣ್ ಠಕ್ಕರ್ ಮತ್ತು ಕೆ. ಸಿ. ಗಣಪತಿ ಅವರು ‘ಫಾರ್ಟಿನೈನರ್’ ದೋಣಿಯಲ್ಲಿ ಕಂಚನ್ನು ಗೆದ್ದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿಯೂ ಸ್ಪರ್ಧಿಸಿದರು.

ಹುಣಿಸೆ ಬೀಜದ ತತ್ತ್ವ

ಒದ್ದೆಯಾದ ಹುಣಿಸೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿರಿ. ಬೆರಳುಗಳು ಒತ್ತುವುದು ಪಕ್ಕಗಳಿಂದ. ಬೀಜವು ಚಿಮ್ಮುವುದು ಮುಂದಕ್ಕೆ. ಹಾಯಿದೋಣಿಯ ಸ್ಥಿತಿಯೂ ಹೆಚ್ಚುಕಡಮೆ ಹೀಗೆಯೇ. ಉಬ್ಬಿದ ಹಾಯಿಯು ಗಾಳಿಯ ಹರಿವನ್ನು ಬಾಗಿಸುವಾಗ ಅದರ ಮೇಲೊಂದು ಬಲ ಬೀಳುತ್ತದೆ. ಈ ಬಲದ ಹೆಚ್ಚು ಭಾಗ ದೋಣಿಯನ್ನು ಪಕ್ಕಕ್ಕೆ ನೂಕಿದರೆ, ಸ್ವಲ್ಪ ಭಾಗ ಮುಂದಕ್ಕೆ ಎಳೆಯುತ್ತದೆ. ದೋಣಿಯ ಅಡಿಯಲ್ಲಿ ನೀರಿಗಿಳಿದಿರುವ ನಡುಹಲಗೆಯು ಪಕ್ಕದ ನೂಕನ್ನು ತಡೆಯುತ್ತದೆ; ಮುಂದಿನ ಎಳೆತ ಮಾತ್ರ ಉಳಿಯುತ್ತದೆ. ಹರಿಗೋಲಿಗೆ ಇಲ್ಲದಿರುವುದು ಈ ಹಲಗೆಯೇ.

ಆದರೆ ನೇರವಾಗಿ ಗಾಳಿಗೆ ಮುಖಮಾಡಿದರೆ ಹಾಯಿ ಪಟಪಟನೆ ಹೊಡೆದುಕೊಳ್ಳುತ್ತದೆ, ದೋಣಿ ನಿಲ್ಲುತ್ತದೆ. ಆದುದರಿಂದ ಗಾಳಿಯ ದಿಕ್ಕಿಗೆ ಸುಮಾರು 45 ಅಂಶಗಳ ಕೋನದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನಂತೆ ಸಾಗಬೇಕು.

ಏತದ ಮೇಲಿನ ಮನುಷ್ಯ

ಗಾಳಿಯು ದೋಣಿಯನ್ನು ಓರೆಗೊಳಿಸುತ್ತದೆ. ಅದನ್ನು ನೆಟ್ಟಗಿಡುವುದು ಇಬ್ಬರ ಮೈತೂಕ. ಏತದ ಮರದ ಮೇಲೆ ಹಿಂದೆಮುಂದೆ ನಡೆಯುವವನ ತೂಕ ಬದಲಾಗುವುದಿಲ್ಲ. ಆಧಾರದಿಂದ ಅವನಿರುವ ದೂರ ಬದಲಾಗುತ್ತದೆ. ಇಲ್ಲಿಯೂ ಹಾಗೆಯೇ. 50 ಕಿಲೋಗ್ರಾಂ ತೂಕದ ಹುಡುಗಿಯು ದೋಣಿಯ ನಡುಗೆರೆಯಿಂದ 0.8 ಮೀಟರ್ ದೂರದಲ್ಲಿ ಅಂಚಿನ ಮೇಲೆ ಕುಳಿತರೆ ಗುಣಲಬ್ಧ 40. ಕೂವೆಕಂಬದಿಂದ ಇಳಿಬಿಟ್ಟ ತಂತಿಗೆ ಸೊಂಟವನ್ನು ಸಿಕ್ಕಿಸಿ, ಅಂಚಿಗೆ ಕಾಲೊತ್ತಿ ಹೊರಕ್ಕೆ ಚಾಚಿದರೆ ದೂರ 1.6 ಮೀಟರಾಗಿ ಗುಣಲಬ್ಧ 80 ಆಗುತ್ತದೆ. ಗಾಳಿಯ ವೇಗ ಇಮ್ಮಡಿಸಿದರೆ ಅದರ ಬಲ ನಾಲ್ಮಡಿಯಾಗುವುದೆಂಬುದನ್ನು ನೆನೆದರೆ, ಈ ಚಾಚುವಿಕೆಯ ಬೆಲೆ ತಿಳಿಯುತ್ತದೆ.

ನಾಲ್ಕು ಕಣ್ಣು, ಒಂದು ಮನಸ್ಸು

ಹಿಂದೆ ಕುಳಿತವನು ಚುಕ್ಕಾಣಿಯನ್ನೂ ದೊಡ್ಡ ಹಾಯಿಯ ಹಗ್ಗವನ್ನೂ ಹಿಡಿದಿರುತ್ತಾನೆ. ಅವನ ದೃಷ್ಟಿ ಹಾಯಿಯ ಮೇಲೆ. ಮುಂದಿನವಳು ಸಣ್ಣ ಹಾಯಿಯನ್ನೂ ನಡುಹಲಗೆಯನ್ನೂ ನೋಡಿಕೊಳ್ಳುತ್ತಾಳೆ. ಅವಳ ದೃಷ್ಟಿ ದೂರದ ನೀರಿನ ಮೇಲೆ. ನೀರು ಕಪ್ಪಿಟ್ಟು ನಿರಿಗೆಗಟ್ಟುತ್ತ ಬರುವಲ್ಲಿ ಬಿರುಗಾಳಿಯ ಬೀಸು ಇದೆಯೆಂದರ್ಥ. ಅದನ್ನು ಕಂಡೊಡನೆ ಅವಳು “ಬೀಸು ಬಂತು, ಮೂರು, ಎರಡು, ಒಂದು” ಎಂದು ಎಣಿಸಬೇಕು. ಬೀಸು ತಗಲಿದ ಮೇಲೆ ಹೇಳಿದರೆ ಅದು ಸಮಾಚಾರವೇ ಹೊರತು ಸಹಾಯವಲ್ಲ. ಮಾತನಾಡಲು ಸಂಕೋಚಪಡುವ ಜೊತೆಗಾರನಿಂದ ದೋಣಿ ಸೋಲುತ್ತದೆ. ಎಲ್ಲಕ್ಕೂ ಗದರುವ ಚುಕ್ಕಾಣಿಗನಿಂದಲೂ ಸೋಲುತ್ತದೆ. ಆದುದರಿಂದ ಒಳ್ಳೆಯ ಶಿಕ್ಷಕನು ದೋಣಿಯನ್ನು ಮೊದಲು ನೆಲದ ಮೇಲಿಟ್ಟು ಪಕ್ಕ ಬದಲಿಸುವ ಕ್ರಮವನ್ನು ಅಭ್ಯಾಸ ಮಾಡಿಸುತ್ತಾನೆ. ಆಗಾಗ ಇಬ್ಬರ ಸ್ಥಾನಗಳನ್ನೂ ಅದಲುಬದಲು ಮಾಡುತ್ತಾನೆ.

ಇನ್ನೊಂದು ಪಾಠವು ಲೆಕ್ಕದ್ದು. ಗುರುತುಬುರುಡೆಯು ನೇರ ಗಾಳಿಗೆದುರಾಗಿ 1000 ಮೀಟರ್ ದೂರದಲ್ಲಿದೆಯೆನ್ನೋಣ. ಮೊದಲನೆಯ ಜೋಡಿಯು 45 ಅಂಶಗಳ ಕೋನದಲ್ಲಿ ಸೆಕೆಂಡಿಗೆ 2 ಮೀಟರಿನಂತೆ ಸಾಗುತ್ತದೆ. ಎರಡನೆಯದು ದೂರವನ್ನು ಉಳಿಸುವ ಆಸೆಯಿಂದ 40 ಅಂಶಗಳಿಗೆ ತಿರುಗುತ್ತದೆ. ಹಾಯಿಯ ಎಳೆತ ಕುಗ್ಗಿ ವೇಗವು 1.7 ಮೀಟರಿಗೆ ಇಳಿಯುತ್ತದೆ. ಗುರಿಯ ಕಡೆಗಿನ ನಿಜವಾದ ವೇಗವು ಮೊದಲನೆಯದಕ್ಕೆ 2 × 0.707 = 1.41, ಎರಡನೆಯದಕ್ಕೆ 1.7 × 0.766 = 1.30 ಮೀಟರ್. ಕಾಲವು ಕ್ರಮವಾಗಿ ಸುಮಾರು 707 ಮತ್ತು 768 ಸೆಕೆಂಡುಗಳು. ಹತ್ತಿರದ ದಾರಿಯನ್ನು ಹಿಡಿದವರು ಒಂದು ನಿಮಿಷ ತಡವಾಗಿ ತಲಪಿದರು!

ಮಗುಚಿದಾಗ

ಇಂಥ ದೋಣಿಗಳು ಮಗುಚುವುದು ಸಹಜ. ಆದಕಾರಣ ವೇಗದ ಪಾಠಕ್ಕಿಂತ ಮೊದಲು ಮಗುಚುವ ಪಾಠವಾಗಬೇಕು. ತೇಲುಕವಚವನ್ನು ತೊಡದೆ ಯಾರೂ ನೀರಿಗಿಳಿಯಕೂಡದು. ಮಗುಚಿದೊಡನೆ ಇಬ್ಬರೂ ಪರಸ್ಪರ ಕೂಗಿ ಕ್ಷೇಮವನ್ನು ತಿಳಿಯಬೇಕು. ದಡವು ಹತ್ತಿರವೆಂದು ತೋರಿದರೂ ದೋಣಿಯನ್ನು ಬಿಟ್ಟು ಈಜಬಾರದು. ತೇಲುವ ದೋಣಿ ದೂರದವರಿಗೆ ಕಾಣುತ್ತದೆ, ಮನುಷ್ಯನ ತಲೆ ಕಾಣದು. ಅನಂತರ ಒಬ್ಬನು ನಡುಹಲಗೆಯ ಮೇಲೆ ನಿಂತು ಹಿಂದಕ್ಕೆ ವಾಲಿದರೆ ದೋಣಿ ಮೇಲೇಳುತ್ತದೆ. ಒಳಬದಿಯಲ್ಲಿ ತೇಲುತ್ತಿದ್ದ ಇನ್ನೊಬ್ಬನು ಅದರೊಡನೆಯೇ ಒಳಸೇರುತ್ತಾನೆ. ಇಲ್ಲಿಯೂ ಕೆಲಸಮಾಡುವುದು ಏತದ ತತ್ತ್ವವೇ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬೆಂಡಿನ ದೋಣಿಯೊಂದಕ್ಕೆ ಕಾಗದದ ಹಾಯಿಯನ್ನು ಓರೆಯಾಗಿ ನಿಲ್ಲಿಸಿ, ಅಗಲವಾದ ಬೋಗುಣಿಯಲ್ಲಿ ತೇಲಿಬಿಟ್ಟು ಪಕ್ಕದಿಂದ ಬೀಸಣಿಗೆಯಿಂದ ಗಾಳಿ ಹಾಕಿರಿ. ಬಳಿಕ ಅಡಿಗೆ ತಗಡಿನ ತುಂಡೊಂದನ್ನು ಉದ್ದಕ್ಕೆ ಸಿಕ್ಕಿಸಿ ಮತ್ತೆ ಗಾಳಿ ಹಾಕಿರಿ. ಮೊದಲು ಪಕ್ಕಕ್ಕೆ ಜಾರಿದ ದೋಣಿ ಈಗ ಮುಂದಕ್ಕೆ ಸಾಗುವುದನ್ನು ನೋಡುವಿರಿ. ಎದುರಾದ ಗಾಳಿಯನ್ನು ದೂರುವುದಕ್ಕೆ ಬದಲಾಗಿ ಅದರಿಂದಲೇ ಕೆಲಸ ತೆಗೆಯುವ ಉಪಾಯವು ಆ ಸಣ್ಣ ತಗಡಿನಲ್ಲಿದೆ.