ತೊರಕೆ ತರುವ ಮುನ್ನ ನೀರು ನೋಡಿ
ಬಸವನಗುಡಿಯ ಮನೆಯಲ್ಲಿ ದಕ್ಷಿಣ ಅಮೆರಿಕದ ಸಿಹಿನೀರಿನ ಸ್ಟಿಂಗ್‌ರೇ, ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ನೆಂಟ, ಸಾಕುವ ಆಸೆಯೇ? ಮೀನಿಗಿಂತ ಮೊದಲು ಫಿಲ್ಟರ್ ತನ್ನಿ. ಹನಿಹನಿ ಅಮೋನಿಯಾ ಉಣಿಸಿದರೂ ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯುವವರೆಗೆ ದಯವಿಟ್ಟು ತಾಳಿ.

ನಲ್ಲಿಯ ಕಾವೇರಿ ನೀರು ನಮಗೆ ಅಮೃತ. ಆದರೆ ಅದರಲ್ಲಿರುವ ಕ್ಲೋರಿನ್ ಈ ಮೀನಿನ ಕಿವಿರನ್ನು ಸುಡುತ್ತದೆ. ಮೈಗೂ ಬೇರೆ ಮೀನುಗಳಂಥ ಹುರುಪೆಯ ಹೊದಿಕೆಯಿಲ್ಲ. ಡ್ರಮ್ಮಿನಲ್ಲಿ ಒಂದು ದಿನ ಗಾಳಿಯಾಡಿಸಿ, ಇಲ್ಲವೇ ಸೋಡಿಯಂ ಥಯೋಸಲ್ಫೇಟ್ ಹಾಕಿ. ಸಂಪಿಗೆ ಬೋರ್‌ವೆಲ್ ನೀರು ಬೆರೆತಿದ್ದರೆ ಗಡಸುತನ ಅಳೆಯದೆ ಸುರಿಯಲೇಬೇಡಿ. ಫಿಲ್ಟರಿನ ಸ್ಪಂಜನ್ನೂ ನಲ್ಲಿಯಡಿ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ.

ಕರೆಂಟು ಹೋದಾಗ ಪಂಪು ನಿಂತರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಉಸಿರುಗಟ್ಟಿ ಸಾಯುತ್ತವೆ. ಟಿವಿಗಿಂತ ಮೊದಲು ಪಂಪನ್ನು ಯುಪಿಎಸ್‌ಗೆ ಜೋಡಿಸಿ. ಡಿಸೆಂಬರ್ ಚಳಿಗೆ ಹೀಟರ್ ಬೇಕು, ಅದಕ್ಕೊಂದು ಜಾಲರಿಯೂ ಬೇಕು. ಇಲ್ಲದಿದ್ದರೆ ಮೀನು ಹೀಟರ್ ಮೇಲೇ ಮಲಗಿ ಸುಟ್ಟುಕೊಳ್ಳುತ್ತದೆ.

ದಿನಾ ಬೆಳಿಗ್ಗೆ ಮೀನಿನ ಅಂಚನ್ನು ನೋಡಿ. ತಟ್ಟೆಯಂಥ ಮೈ ಕರಿದ ಹಪ್ಪಳದಂತೆ ಮೇಲಕ್ಕೆ ಮುದುರಿದ್ದರೆ, ಔಷಧಿಗೆ ಓಡದೆ, ತಕ್ಷಣ ನೀರು ಪರೀಕ್ಷಿಸಿ, ಹದ ಮಾಡಿಟ್ಟ ನೀರಿನಿಂದ ತೊಟ್ಟಿಯ ನೀರು ಬದಲಿಸಿ. ತಾಮ್ರವಿರುವ ಔಷಧಿಯಂತೂ ಬೇಡವೇ ಬೇಡ. ಸಾಕಲಾಗದಿದ್ದರೆ ಬಲ್ಲವರಿಗೆ ಕೊಡಿ, ಸ್ಯಾಂಕಿ ಕೆರೆಗೆ ಬಿಡಬೇಡಿ.