ಗ್ಯಾಸ್‌ಲೈಟಿಗೆ ಹೊಳಪು ಕಡೇ ಕೆಲಸ

ಮಗಾ, ಅಟ್ಟದ ಮೇಲಿದ್ದ ಗ್ಯಾಸ್‌ಲೈಟು, ಲಾಟೀನು, ಪಂಪ್ ಸ್ಟವ್ವು ಎಲ್ಲಾ ಕೆಳಗಿಳಿಸಿದ್ದೀಯ ಅಂತ ನಿಮ್ಮವ್ವ ಹೇಳಿದಳು. ಒಳ್ಳೇದಾಯ್ತು. ಜೊತೆಗೆ ಸ್ಯಾಂಡ್ ಪೇಪರೂ ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿಯೂ ತಂದಿದ್ದೀಯಂತೆ. ಅವೆರಡನ್ನೂ ಅಂಗಡಿಗೆ ವಾಪಸ್ ಕೊಟ್ಟು ಬಾ.

ಮೊದಲು ಒಂದು ಅಯಸ್ಕಾಂತ ತಗೊ. ಟ್ಯಾಂಕಿಗೆ ಗಬಕ್ಕನೆ ಅಂಟಿಕೊಂಡರೆ ಕಬ್ಬಿಣ, ಅಂಟದಿದ್ದರೆ ಹಿತ್ತಾಳೆ. ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪನ ಇದ್ದರೆ ತುಸು ಸೆಳೆದ ಹಾಗಾಗುತ್ತೆ, ಮೋಸಹೋಗಬೇಡ. ಆ ಲೇಪನ ಬಲು ತೆಳು. ಸ್ಯಾಂಡ್ ಪೇಪರಿನಲ್ಲಿ ನಾಲ್ಕು ಸಲ ಉಜ್ಜಿದರೆ ಹೋಯಿತು, ಅದರ ಜೊತೆಗೇ ಕಂಪನಿಯ ಮುದ್ರೆಯೂ ಅಳಿಸಿಹೋಗುತ್ತೆ. ಲಾಟೀನಿನ ಮೇಲೆ ಓಗಲೆವಾಡಿಯ ‘ಪ್ರಭಾಕರ್’ ಹೆಸರಿದೆಯೋ, ಗ್ಯಾಸ್‌ಲೈಟು ಬರ್ಲಿನ್ನಿನ ಅಸಲಿ ಪೆಟ್ರೋಮ್ಯಾಕ್ಸೋ ಅಂತ ತಿಳಿಯೋದು ಆ ಅಕ್ಷರಗಳಿಂದಲೇ.

ಬರೀ ಹಿತ್ತಾಳೆಗೆ ಹುಣಸೆಹಣ್ಣು ಸಾಕು. ತಿಕ್ಕಿ ಕೂಡಲೇ ತೊಳೆದುಬಿಡು. ರಾತ್ರಿಯೆಲ್ಲ ಹುಳಿಯಲ್ಲಿ ನೆನೆಹಾಕಿದರೆ ಸತುವು ಬಿಟ್ಟುಕೊಂಡು ಮೈ ಕೆಂಪಗೆ ತಾಮ್ರದ ಬಣ್ಣಕ್ಕೆ ತಿರುಗುತ್ತೆ. ಆಮೇಲೆ ಹಳೇ ಬಣ್ಣ ತರೋಕೆ ಬಹಳ ಉಜ್ಜಬೇಕಾಗುತ್ತೆ.

ಲಾಟೀನಿನ ತಗಡಿಗೆ ಹಿಡಿದ ತುಕ್ಕಿಗೆ ಮದ್ದು ನಮ್ಮ ಸೀಮೆಯಲ್ಲೇ ಇದೆ, ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿ. 1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿದ ಊರಿನವರಿಗೆ ಕಾಕಂಬಿ ಅಂದರೇನು ಅಂತ ಹೇಳಿಕೊಡಬೇಕಾ? ಒಂದು ಪಾಲಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ, ತಗಡು ಪೂರ್ತಿ ಮುಳುಗೋ ಹಾಗೆ ವಾರ ಹತ್ತು ದಿನ ಬಿಡು. ತುಕ್ಕನ್ನು ಮಾತ್ರ ತಿಂದು ಕಬ್ಬಿಣವನ್ನು ಹೆಚ್ಚೂಕಮ್ಮಿ ಹಾಗೇ ಉಳಿಸುತ್ತೆ. ಅಲ್ಯೂಮಿನಿಯಂ ಸಾಮಾನು ಅದರೊಳಗೆ ಬೀಳಬಾರದು. ಆ ಕಾಕಂಬಿ ನೀರು ಹುಳಿ ಹಿಡಿದು ನಾರುತ್ತೆ, ಹಿತ್ತಲಲ್ಲಿಡು, ಇಲ್ಲಾಂದ್ರೆ ನಿಮ್ಮವ್ವ ನಿನ್ನನ್ನೂ ಹಿತ್ತಲಿಗೇ ಹಾಕ್ತಾಳೆ. ತೆಗೆದ ಕೂಡಲೇ ತೊಳೆದು ಬಿಸಿಲಿಗಿಟ್ಟು ಮೆಷಿನ್ ಎಣ್ಣೆ ಸವರು. ತಡಮಾಡಿದರೆ ಸಂಜೆಯೊಳಗೆ ಹೊಸ ತುಕ್ಕು ಬಂದಿರುತ್ತೆ. ತುಕ್ಕು ಸುಡೋಣ ಅಂತ ಒಲೆಗೆ ಮಾತ್ರ ಹಿಡಿಯಬೇಡ, ಬೆಸುಗೆ ಕರಗಿ ಲಾಟೀನು ಬಿಚ್ಚಿಕೊಳ್ಳುತ್ತೆ.

ಇನ್ನು ಗ್ಯಾಸ್‌ಲೈಟು. ಅದರ ಜೀವ ಇರೋದು ಪಂಪಿನ ಚರ್ಮದ ವಾಷರಿನಲ್ಲಿ. ಇಷ್ಟು ವರ್ಷಕ್ಕೆ ಒಣಗಿ ಮುದುಡಿರುತ್ತೆ. ಹೊರಗೆ ತೆಗೆದು ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಸು. ಬೆಳಿಗ್ಗೆ ಅಂಚನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಹೊರಕ್ಕೆ ಒತ್ತುತ್ತಾ ಸುತ್ತ ಬಾ, ಬಟ್ಟಲಿನ ಹಾಗೆ ಅರಳಬೇಕು. ಆಮೇಲೆ ಸೀಮೆಎಣ್ಣೆ ಹಾಕದೆ, ಬರೀ ಗಾಳಿ ತುಂಬಿ ಟ್ಯಾಂಕನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡು. ಎಲ್ಲಿಂದ ಗುಳ್ಳೆ ಬರುತ್ತೋ ಅಲ್ಲಿ ಕೆಲಸ. ಗುಳ್ಳೆ ನಿಲ್ಲೋ ತನಕ ಬೆಂಕಿಕಡ್ಡಿ ಗೀರುವ ಮಾತೇ ಬೇಡ.

ಹೊಳಪಿಗಿಂತ ಮೊದಲು ಉರಿಸೋ ಕೆಲಸ ಯಾಕೆ ಅಂತೀಯಾ? 1902ರಲ್ಲಿ ಶಿವನಸಮುದ್ರದ ಬ್ಲಫ್‌ ವಿದ್ಯುದಾಗಾರದಿಂದ ಹೊರಟ ಕರೆಂಟು ಸೀದಾ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ದೀಪ ಹಚ್ಚಿತು. ಕಾವೇರಿ ಧುಮ್ಮಿಕ್ಕುವ ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಮಾತ್ರ ಎಷ್ಟೋ ವರ್ಷ ಬುಡ್ಡಿ ದೀಪವೇ ಗತಿ. ಮದುವೆ ಚಪ್ಪರಕ್ಕೆ, ಬೆಳಗಾನ ಆಡೋ ಕುರುಕ್ಷೇತ್ರ ನಾಟಕಕ್ಕೆ ಗ್ಯಾಸ್‌ಲೈಟು ಬರಬೇಕಿತ್ತು. ದುರ್ಯೋಧನ ಕಂದಪದ್ಯ ಎತ್ತುವ ಹೊತ್ತಿಗೇ ಬೆಳಕು ಮಂಕಾಗೋದು, ಯಾರೋ ಓಡಿಬಂದು ಪಂಪು ಹೊಡೆಯೋರು. ಹಾಗೆ ಉರಿದ ದೀಪವನ್ನು ಬೀರುವಿನಲ್ಲಿಡೋ ಗೊಂಬೆ ಮಾಡ್ತೀನಿ ಅಂದರೆ ನನಗೆ ಒಪ್ಪಿಗೆಯಿಲ್ಲ. ಅದು ಉರಿಯಲಿ. ಉರಿದ ಮೇಲೆ ಬೇಕಾದರೆ ಬ್ರಾಸೊ ಹಾಕಿಕೊ.

ಗ್ಯಾಸ್‌ಲೈಟಿನಲ್ಲಿ ಬೆಳಕು ಕೊಡೋ ಮ್ಯಾಂಟಲ್ ಕಟ್ಟುವಾಗ ಅವಸರ ಬೇಡ. ಹೊಸತು ಬಟ್ಟೆಯಂತಿರುತ್ತೆ, ಒಂದು ಸಲ ಸುಟ್ಟಿತೆಂದರೆ ಬರೀ ಬೂದಿಯ ಬಲೆ, ಬೆರಳು ತಾಕಿದರೆ ಉದುರುತ್ತೆ. ತೂತು ಬಿದ್ದದ್ದನ್ನು ಉರಿಸಬೇಡ, ಆ ತೂತಿನಿಂದ ಜ್ವಾಲೆ ನೇರ ನುಗ್ಗಿ ಗಾಜನ್ನು ಸೀಳುತ್ತೆ. ಹಳೇ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತೆ, ಸಣ್ಣ ಮಟ್ಟಿನ ವಿಕಿರಣ ಸೂಸುವ ವಸ್ತು. ಪುಡಿಯನ್ನು ಉಫ್ ಅಂತ ಊದಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆ.

ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗಲ್ಲ ನಿಜ. ಅದಕ್ಕೇ ಯಾರಾದರೂ ‘ಪೆಟ್ರೋಲ್ ಹಾಕು, ಏನಾಗಲ್ಲ’ ಅಂದಾರು. ಒತ್ತಡದ ಟ್ಯಾಂಕಿಗೆ ಪೆಟ್ರೋಲ್ ಹಾಕೋದು ಬಾಂಬು ಕಟ್ಟಿದ ಹಾಗೆ. ಆ ಮಾತು ಕಿವಿಗೇ ಹಾಕಿಕೊಳ್ಳಬೇಡ. ಹಚ್ಚೋದು ಅಂಗಳದಲ್ಲಿ, ಮುಚ್ಚಿದ ಕೋಣೆಯಲ್ಲಲ್ಲ.

ಸ್ಟವ್ವಿನ ಕೆಲಸವೂ ಹೆಚ್ಚುಕಮ್ಮಿ ಇದೇ. ನಿಪ್ಪಲ್ ಕಟ್ಟಿಕೊಂಡರೆ ಅದರದೇ ಪಿನ್ನಿನಲ್ಲಿ ಬಿಡಿಸು, ಹೊಲಿಗೆ ಸೂಜಿ ತೂರಿಸಿ ತೂತು ದೊಡ್ಡದು ಮಾಡಿದರೆ ಹಳದಿ ಜ್ವಾಲೆ ಎದ್ದು ಪಾತ್ರೆಯೆಲ್ಲ ಮಸಿ. ಪಿನ್ನು ಮುರಿದು ಒಳಗೇ ಉಳಿದರೆ ಕೆದಕುತ್ತಾ ಕೂರಬೇಡ, ಹೊಸ ನಿಪ್ಪಲ್ ಹಾಕಿಸು.