ನಮಗೆ ತಿಳಿಯುವ ಭಾಷೆಯಲ್ಲಿ ಹೇಳಿ



ಸಂಘದ ಸಭೆಗಳಿಗೆ ಬಂದಾಗ ನಾವು ಆಗಾಗ ಕೇಳುವ ಮಾತೊಂದಿದೆ: "ಸಿಸ್ಟರ್, ಕಾಗದ ಇಂಗ್ಲಿಷಿನಲ್ಲಿತ್ತು, ಕೇಳಲಿಕ್ಕೆ ನಾಚಿಕೆಯಾಯ್ತು, ಸುಮ್ಮನೆ ಸಹಿ ಹಾಕಿದೆವು." ಈ ಸಲದ ಪಾಠ ಅದರ ಬಗ್ಗೆಯೇ. ನಡೆದದ್ದು ಮಾತ್ರ ದೂರದ ಅಮೆರಿಕದಲ್ಲಿ.

ಕ್ಯಾಲಿಫೋರ್ನಿಯಾದಲ್ಲಿ ಕೆಟಲ್‌ಮನ್ ಸಿಟಿ ಎಂಬ ಊರಿದೆ. ಹೆಸರಿಗೆ ಸಿಟಿ, ಆಗ ಇದ್ದದ್ದು ಸುಮಾರು 1,100 ಜನ. ಹೆಚ್ಚಿನವರು ಮೆಕ್ಸಿಕೋ ಮೂಲದವರು; ಹೊಟ್ಟೆಪಾಡಿಗೆ ವಲಸೆ ಬಂದು ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರು. 100ರಲ್ಲಿ ಸುಮಾರು 40 ಮಂದಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಊರಿಂದ ಐದಾರು ಕಿ.ಮೀ. ದೂರದಲ್ಲಿ ಕಾರ್ಖಾನೆಗಳ ವಿಷಕಸವನ್ನು ಹೂಳುವ ಜಾಗ. ಅಲ್ಲಿಯೇ ಆ ಕಸ ಸುಡುವ ಘಟಕ ಕಟ್ಟಲು ಕಂಪನಿ ಹೊರಟಿತ್ತು. ಸುಟ್ಟರೆ ಹೊಗೆ ಎಲ್ಲಿಗೆ ಹೋಗುತ್ತದೆ? ನಮ್ಮ ಮಕ್ಕಳ ಮೂಗಿಗೇ ಅಲ್ವೇ?

1988ರಲ್ಲಿ ಹೊರಗಿನ ಪರಿಸರ ಕಾರ್ಯಕರ್ತರು ಫೋನ್ ಮಾಡಿ ತಿಳಿಸಿದ ಮೇಲೆಯೇ ಎಸ್ಪೆರಾನ್ಸಾ ಮಾಯಾ ಎಂಬ ತಾಯಿಗೆ ವಿಷಯ ಗೊತ್ತಾದದ್ದು. ಅವರು ನೆರೆಹೊರೆಯವರನ್ನು ಸೇರಿಸಿ ಸಂಘ ಕಟ್ಟಿದರು. ಯೋಜನೆಯ ವರದಿ ಸುಮಾರು ಸಾವಿರ ಪುಟ, ಎಲ್ಲ ಇಂಗ್ಲಿಷಿನಲ್ಲಿ. ಸ್ಪ್ಯಾನಿಷ್‌ನಲ್ಲಿ ಕೊಡಿ ಅಂದರೆ ಜಿಲ್ಲಾಡಳಿತ ಒಪ್ಪಲಿಲ್ಲ. ವಿಚಾರಣಾ ಸಭೆ ಇಟ್ಟದ್ದು 60 ಕಿ.ಮೀ. ಆಚೆ. ಅಲ್ಲಿ ಹೋದರೆ, ಭಾಷಾಂತರ ಬೇಕಾದವರು ಸಭಾಂಗಣದ ಹಿಂದೆ ಹೋಗಿ ಅಂದರಂತೆ! ಹೋಗಲಿಲ್ಲ ಇವರು. ಎದ್ದು ಮುಂದೆ ಬಂದು ಸ್ಪ್ಯಾನಿಷ್‌ನಲ್ಲೇ ಮಾತಾಡಿದರು. ನಮಗೆ ಬಹಳ ಇಷ್ಟವಾದದ್ದು ಇದೇ.

ಆದರೂ ಅನುಮತಿ ಸಿಕ್ಕಿತು. ಸಂಘ ನ್ಯಾಯಾಲಯಕ್ಕೆ ಹೋಯಿತು. 1991ರ ಡಿಸೆಂಬರಿನಲ್ಲಿ ತೀರ್ಪು ಬಂತು: ವರದಿ ಸರಿಯಿಲ್ಲ, ಅದನ್ನು ಸ್ಪ್ಯಾನಿಷ್‌ಗೆ ಭಾಷಾಂತರಿಸದೆ ಜನ ಭಾಗವಹಿಸಲು ಸಾಧ್ಯವಿರಲಿಲ್ಲ. 1993ರಲ್ಲಿ ಕಂಪನಿ ಹಿಂದೆ ಸರಿಯಿತು. ಹಾಗಂತ ಎಲ್ಲವೂ ಗೆದ್ದಂತಲ್ಲ. ಕಸ ಹೂಳುವ ಜಾಗ ಹೋಗಲಿಲ್ಲ. 2014ರಲ್ಲಿ ಅದನ್ನು ವಿಸ್ತರಿಸಲಿಕ್ಕೂ ಅನುಮತಿ ಸಿಕ್ಕಿತು.

ನಮ್ಮಲ್ಲಿ? ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದ ದೊಡ್ಡ ಯೋಜನೆಗಳಿಗೆ 2006ರ ಕೇಂದ್ರ ಸರ್ಕಾರದ ಅಧಿಸೂಚನೆ ಅನ್ವಯವಾಗುತ್ತದೆ. ಅದರ ಪ್ರಕಾರ ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದನ್ನು ನೋಡಬಹುದು. ಸಭೆಯ ಕೊನೆಗೆ ನಾವು ಹೇಳಿದ್ದನ್ನೆಲ್ಲ ಬರೆದುಕೊಂಡು, ನಮ್ಮ ಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು. ಓದದಿದ್ದರೆ ಕೇಳಿ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ: ಕಳೆದ ಒಂದು ವರ್ಷದಲ್ಲಿ ಅರ್ಥವಾಗದೆ ನೀವು ಸಹಿ ಹಾಕಿದ ಕಾಗದ ಯಾವುದು? ಅದರ ಪ್ರತಿ ಈಗ ಯಾರ ಹತ್ತಿರ ಇದೆ?